38 ಕೆಜಿ ಕಲ್ಲು, ಅಂಗೈಯಗಲದ ಕಾಗದ: ಚಿತ್ರಸಂತೆಯಲ್ಲಿ ಶಿಲ್ಪ ಮಾರಲು ಕಲಿತ ಮೂರು ವರ್ಷ

2023ರ ಜನವರಿ 8, ಭಾನುವಾರ ಸಂಜೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಮುಗಿಯುವ ಹೊತ್ತು. ನಾನೂ ನನ್ನ ಗೆಳೆಯನೂ 38 ಕೆಜಿಯ ಒಂದು ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಲಗೇಜ್ ಆಟೊಗೆ ಎತ್ತುತ್ತಿದ್ದೆವು. ಬೆಳಿಗ್ಗೆ ಇಳಿಸಿದ್ದೂ ನಾವೇ. ಆಗ ಅದು ಹಗುರ ಅನ್ನಿಸಿತ್ತು. ಸಂಜೆ ಅದೇ ಕಲ್ಲು ಕೈ ಜಗ್ಗುತ್ತಿತ್ತು.

ನಮ್ಮ ಎಡಕ್ಕಿದ್ದ ಜಲವರ್ಣದವರು ಖಾಲಿ ಫೈಲ್ ಮಡಚಿಕೊಂಡು ಹೊರಟಿದ್ದರು. ಬಲಕ್ಕಿದ್ದ ಹುಡುಗಿ 11 ಕ್ಯಾನ್ವಾಸ್ ಮಾರಿದ್ದಳು. ನಾವು ಮಾರಿದ್ದು ಒಂದೇ ಒಂದು ಸುಟ್ಟಮಣ್ಣಿನ ಹಕ್ಕಿ. 1,800 ರೂಪಾಯಿ. ಆಟೊ, ಪ್ಯಾಕಿಂಗ್, ಊಟ, ಶುಲ್ಕ ಎಲ್ಲ ಸೇರಿ ಸುಮಾರು 6,500 ಖರ್ಚಾಗಿತ್ತು. ಏಳು ಶಿಲ್ಪ ತಂದಿದ್ದೆವು, ಆರು ವಾಪಸ್.

ಗೆಳೆಯನ ಹೆಸರು ಬರೆಯುವುದು ಬೇಡ ಅಂತ ಅವನೇ ಹೇಳಿದ್ದಾನೆ. ಶಿಲ್ಪಕಲೆ ಓದಿದವನು. ವಾರಕ್ಕೆ ಐದು ದಿನ ಮಕ್ಕಳಿಗೆ ಚಿತ್ರ ಕಲಿಸುತ್ತಾನೆ. ಉಳಿದ ಹೊತ್ತು ಕೆಂಗೇರಿಯಾಚೆಗಿನ ಒಂದು ಶೀಟ್ ಶೆಡ್ಡಿನಲ್ಲಿ ಕೆಲಸ. ನಾನು ಶಿಲ್ಪಿ ಅಲ್ಲ. ಅವನ ಲೆಕ್ಕ ಬರೆಯುತ್ತೇನೆ, ಸಂತೆಯ ದಿನ ಪಕ್ಕದಲ್ಲಿ ನಿಲ್ಲುತ್ತೇನೆ. ಮೂರು ವರ್ಷದ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಶಿಲ್ಪ ಮಾಡಿ ಮೊದಲ ಸಲ ಜನರ ಮುಂದೆ ಇಡಲು ಹೊರಟವರಿಗೆ ಉಪಯೋಗ ಆಗಲಿ ಅಂತ ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಚಿತ್ರಸಂತೆ ಗೊತ್ತಿಲ್ಲದವರಿಗೆ ಎರಡು ಮಾತು. 1960ರಲ್ಲಿ ಶುರುವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ನಡೆಸುವ ಸಂತೆ ಇದು. 2023ರದ್ದು 20ನೆಯದು. ಅವತ್ತು ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ಎರಡೂ ಬದಿ ಕಲಾವಿದರು ಕೂರುತ್ತಾರೆ, ನಡುವೆ ಲಕ್ಷಗಟ್ಟಲೆ ಜನ ಹರಿಯುತ್ತಾರೆ. ಗ್ಯಾಲರಿ ಇಲ್ಲ, ಮಧ್ಯವರ್ತಿ ಇಲ್ಲ. ಮಾಡಿದವನೇ ಮಾರುತ್ತಾನೆ. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಆದರೆ ಹೆಸರೇ ಚಿತ್ರಸಂತೆ. ಬರುವವರ ಮನಸ್ಸಿನಲ್ಲಿ ಇರುವುದು ಗೋಡೆ. ಸೋಫಾ ಮೇಲಿನ ಖಾಲಿ ಗೋಡೆಗೆ ಏನಾದರೂ ಬೇಕು ಅಂತಲೇ ಮನೆಯಿಂದ ಹೊರಟಿರುತ್ತಾರೆ. ಶಿಲ್ಪಕ್ಕೆ ಅಂಥ ಜಾಗ ಯಾರ ಮನೆಯಲ್ಲೂ ಮೊದಲೇ ಇರುವುದಿಲ್ಲ. ಇದು ನಮಗೆ ಅರ್ಥ ಆಗಲು ಒಂದು ವರ್ಷ ಬೇಕಾಯಿತು.

ಕೈ ಎಲ್ಲಿ?

ಮೊದಲ ವರ್ಷ ನಾವು ಮಾಡಿದ ತಪ್ಪುಗಳಲ್ಲಿ ದೊಡ್ಡದು ನೆಲ. ನೀಲಿ ಟಾರ್ಪಾಲಿನ ಮೇಲೆ ಒಂದು ಜಮಖಾನ ಹಾಸಿ ಏಳನ್ನೂ ಸಾಲಾಗಿ ಇಟ್ಟಿದ್ದೆವು. ನಡೆದುಹೋಗುವವರಿಗೆ ಕಾಣುತ್ತಿದ್ದದ್ದು ಬರೀ ನೆತ್ತಿ. ಶಿಲ್ಪವನ್ನು ಮೇಲಿನಿಂದ ನೋಡಿದರೆ ಅದು ಒಂದು ಗುಡ್ಡೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಬಗ್ಗಿ ನೋಡಲು ಹೋಗಿ ಹಿಂದಿನವರು ಡಿಕ್ಕಿ ಹೊಡೆದರು. ಅಷ್ಟು ಜನಜಂಗುಳಿಯಲ್ಲಿ ಯಾರೂ ನಿಮಗೋಸ್ಕರ ಬಗ್ಗುವುದಿಲ್ಲ.

ಎರಡನೆಯದು ಒಂದು ಬೋರ್ಡು. ‘ದಯವಿಟ್ಟು ಮುಟ್ಟಬೇಡಿ’. ಅದನ್ನು ಬರೆದದ್ದು ನಾನೇ. ಮ್ಯೂಸಿಯಮ್ಮುಗಳಲ್ಲಿ ನೋಡಿ ನೋಡಿ, ಕಲೆ ಅಂದರೆ ಹಾಗೇ ಇರಬೇಕು ಅಂದುಕೊಂಡಿದ್ದೆ.

ಮೂರನೆಯದು ತಪ್ಪು ಅನ್ನುವುದಕ್ಕಿಂತ ನಮ್ಮ ನೆಲದ ಒಂದು ಸಂಗತಿ. ಆ 38 ಕೆಜಿ ಕಲ್ಲು ಒಂದು ಮುಂಡ. ಕುತ್ತಿಗೆಯಿಂದ ಸೊಂಟದವರೆಗಿನ ಹೆಂಗಸಿನ ಮೈ, ಕೃಷ್ಣಶಿಲೆಯಲ್ಲಿ ಕೆತ್ತಿದ್ದು, ಎರಡಡಿ ಎತ್ತರ. ಕೈ ಇಲ್ಲ, ತಲೆ ಇಲ್ಲ. ಹೆಸರು ‘ಉಸಿರು’. ಗೆಳೆಯ ಅದರ ಮೇಲೆ ಐದು ತಿಂಗಳು ಕೂತಿದ್ದ. ಪಕ್ಕೆಲುಬಿನ ಹತ್ತಿರ ಉಸಿರು ಎಳೆದಾಗ ಚರ್ಮ ಬಿಗಿಯುತ್ತದಲ್ಲ, ಅಷ್ಟೇ ಅವನಿಗೆ ಬೇಕಿದ್ದದ್ದು.

ಬಂದವರು ಕೇಳಿದ್ದು ಎರಡೇ ಪ್ರಶ್ನೆ. ‘ಇದು ಯಾವ ದೇವರು?’ ಮತ್ತು ‘ಕೈ ಎಲ್ಲಿ?’ ಒಬ್ಬ ಹಿರಿಯರು ತುಂಬ ಪ್ರೀತಿಯಿಂದಲೇ ಹೇಳಿದರು: ‘ಕೆಲಸ ಚೆನ್ನಾಗಿದೆ ಮಗಾ. ಆದ್ರೆ ಭಿನ್ನ ಆಗಿರೋದನ್ನ ಮನೇಲಿ ಇಡ್ತಾರಾ?’

ಅವತ್ತು ರಾತ್ರಿ ಗೆಳೆಯ ಬೇಸರದಲ್ಲಿ ‘ಜನಕ್ಕೆ ಕಲೆ ಗೊತ್ತಿಲ್ಲ’ ಅಂದ. ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಆ ಹಿರಿಯರಿಗೆ ಕಲ್ಲಿನ ಕೆಲಸ ಚೆನ್ನಾಗಿಯೇ ಗೊತ್ತು. ಬೇಲೂರು, ಹಳೇಬೀಡು ನೋಡಿ ಬೆಳೆದ ಕಣ್ಣು ಅದು. ನಮ್ಮಲ್ಲಿ ಮುಕ್ಕಾದ ವಿಗ್ರಹಕ್ಕೆ ಪೂಜೆ ಇಲ್ಲ, ಅದನ್ನು ನೀರಿಗೆ ಬಿಡುತ್ತಾರೆ. ಕೈ ತಲೆ ಇಲ್ಲದ ಮೈಯನ್ನೇ ಪೂರ್ತಿ ಶಿಲ್ಪ ಅಂತ ನಿಲ್ಲಿಸುವ ರೂಢಿ ಯುರೋಪಿನಿಂದ ಬಂದದ್ದು. ಮಣ್ಣಿನಡಿ ಸಿಕ್ಕ ಒಡೆದ ಗ್ರೀಕ್ ಪ್ರತಿಮೆಗಳನ್ನು ನೋಡಿ ನೋಡಿ, ಫ್ರಾನ್ಸಿನ ಶಿಲ್ಪಿ ರೊಡಾನ್‌ನಂಥವರು ಬರೀ ಮುಂಡವನ್ನೇ ಪೂರ್ತಿ ಕೃತಿ ಅಂತ ಜನರ ಮುಂದಿಟ್ಟರು. ಕಾಲೇಜಿನಲ್ಲಿ ಅದನ್ನು ನಾಲ್ಕು ವರ್ಷ ಓದಿದವನು, ರಸ್ತೆಯಲ್ಲಿ ನಿಂತವರಿಗೆ ಒಂದು ಸಾಲಾದರೂ ಹೇಳಬೇಕಲ್ವಾ?

ಮರುವರ್ಷ ಆ ಕಲ್ಲಿನ ಪಕ್ಕ ಒಂದು ಚಿಕ್ಕ ಕಾರ್ಡ್ ಇಟ್ಟೆವು. ‘ಇದು ಒಡೆದದ್ದಲ್ಲ, ಹೀಗೇ ಕೆತ್ತಿದ್ದು. ಉಸಿರು ಒಳಗೆ ಎಳೆದುಕೊಂಡ ಎದೆ.’ ಓದಿದ ಎಷ್ಟೋ ಜನ ತಮಗೆ ಗೊತ್ತಿಲ್ಲದೆಯೇ ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತು ನಾನು ಕಣ್ಣಾರೆ ನೋಡಿದ್ದೇನೆ.

ನಾಲ್ಕನೆಯ ತಪ್ಪು ಬರೀ ಬೇಜವಾಬ್ದಾರಿ. ಒಬ್ಬರು 45,000ದ ಒಂದು ಕಂಚಿನ ತುಂಡನ್ನು ನಿಜವಾಗಿಯೂ ಕೊಳ್ಳಲು ಬಂದರು. ಬಿಲ್ ಕೇಳಿದರು. ನಮ್ಮ ಹತ್ತಿರ ಬಿಲ್ ಬುಕ್ಕೇ ಇರಲಿಲ್ಲ. ಅಷ್ಟು ಜನರ ನಡುವೆ ಫೋನಿನ ನೆಟ್‌ವರ್ಕೂ ಸಿಗದೆ ಯುಪಿಐ ಸುತ್ತುತ್ತಲೇ ಇತ್ತು. ‘ಒಂದು ರೌಂಡ್ ಹಾಕಿ ಬರ್ತೀನಿ’ ಅಂತ ಹೋದರು. ಹೋದವರು ಬರಲಿಲ್ಲ. ಈಗ ಬಿಲ್ ಬುಕ್ ಇದೆ, ಎರಡು ಬೇರೆ ಬೇರೆ ಕಂಪನಿಯ ಸಿಮ್ ಇದೆ.

ಎದೆಮಟ್ಟಕ್ಕೆ ಏರಿದ ಎಮ್ಮೆ

2023ರ ಬೇಸಿಗೆಯಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ, ಎರಡು ಸಲ ಹೋದೆವು. ಶಿಲ್ಪ ನೋಡಲಿಕ್ಕಲ್ಲ, ಅದರ ಕೆಳಗಿನ ಪೀಠ ನೋಡಲಿಕ್ಕೆ. ಗೆಳೆಯ ತನ್ನ ಸೊಂಟದ ಪಕ್ಕ ಗೇಣು ಹಾಕಿ ಅಳತೆ ತೆಗೆದ. ಶೆಡ್ಡಿಗೆ ಬಂದು ಪ್ಲೈವುಡ್ಡಿನಲ್ಲಿ ಐದು ಪೊಳ್ಳು ಪೆಟ್ಟಿಗೆ ಮಾಡಿದ. 42 ಇಂಚಿನವು ಮೂರು, 36 ಇಂಚಿನವು ಎರಡು. ಒಂದರೊಳಗೆ ಒಂದು ಕೂರುವ ಹಾಗೆ ಸ್ವಲ್ಪ ಸ್ವಲ್ಪ ಚಿಕ್ಕವು, ಸಾಗಿಸಲು ಸುಲಭ. ಜಾಗಕ್ಕೆ ಹೋದ ಮೇಲೆ ಪ್ರತಿಯೊಂದರ ತಳಕ್ಕೆ 15 ಕೆಜಿ ಎಂ-ಸ್ಯಾಂಡ್ ಚೀಲ. ಮಗು ಓಡಿಬಂದು ಗುದ್ದಿದರೂ ಅಲ್ಲಾಡಬಾರದು. ಬಣ್ಣ ಬೂದಿ. ಬಿಳಿ ಬಳಿದರೆ ಜನವರಿಯ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಕಂಚು ಕಪ್ಪು ಚುಕ್ಕಿಯಂತೆ ಕಾಣುತ್ತದೆ. ಒಂದು ಪೀಠದ ಮೇಲೆ ಮಾತ್ರ ತಿರುಗುವ ತಟ್ಟೆ ಹಾಕಿದ.

ಅದಕ್ಕಿಂತ ಮುಖ್ಯವಾದದ್ದು ಏನು ತರಬೇಕು ಅನ್ನುವುದು. ದೊಡ್ಡದು ಒಂದೇ ಸಾಕು, ದೂರದಿಂದ ಜನರನ್ನು ಕರೆಯಲು. ಅದಕ್ಕೆ ‘ಉಸಿರು’. ಉಳಿದವು ಒಂದು ಕೈಯಲ್ಲಿ ಎತ್ತುವಂತಿರಬೇಕು. ಅವನು ಎರಡು ಕಂಚಿನ ಕೆಲಸ ಮಾಡಿದ. ಒಂದು, ಮಲಗಿ ಮೆಲುಕು ಹಾಕುವ ಎಮ್ಮೆ. ಏಳು ಇಂಚು ಉದ್ದ, 2.4 ಕೆಜಿ. ಇನ್ನೊಂದು, ಕಂಬಳಿಕೊಪ್ಪೆ ಹೊದ್ದು ಮಳೆಗೆ ನಿಂತ ಅಜ್ಜಿ.

ಕಂಚಿನ ಎರಕದ ಬಗ್ಗೆ ಕೇಳುವವರು ಜಾಸ್ತಿ, ಹೇಳುವವರು ಕಡಿಮೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೊದಲು ಮಣ್ಣಿನಲ್ಲಿ ರೂಪ. ಅದರ ಮೇಲೆ ರಬ್ಬರಿನ ಅಚ್ಚು. ಅಚ್ಚಿನೊಳಗೆ ಬಿಸಿ ಮೇಣ ಸುರಿದು ತಿರುಗಿಸಿದರೆ ನಾಲ್ಕೈದು ಮಿಲಿಮೀಟರ್ ದಪ್ಪದ ಪೊಳ್ಳು ಮೇಣದ ಎಮ್ಮೆ ಸಿಗುತ್ತದೆ. ಅದರ ಒಳಗೂ ಹೊರಗೂ ಬೆಂಕಿ ತಡೆಯುವ ಗಾರೆ ಮೆತ್ತಿ ಸುಟ್ಟರೆ ಮೇಣ ಕರಗಿ ಹೋಗುತ್ತದೆ. ಆ ಖಾಲಿ ಜಾಗಕ್ಕೆ ಸುಮಾರು 1,100 ಡಿಗ್ರಿಯ ಕರಗಿದ ಕಂಚು. ಆರಿದ ಮೇಲೆ ಗಾರೆ ಒಡೆದು, ಕಂಚು ಒಳಗೆ ಹರಿಯಲು ಬಿಟ್ಟಿದ್ದ ನಾಳಗಳನ್ನು ಕತ್ತರಿಸಿ, ಉಳಿಯಿಂದ ತೀಡಿ, ಆಸಿಡ್ಡಿನಿಂದ ಬಣ್ಣ ಬರಿಸಿ, ಮೇಣ ಉಜ್ಜುವುದು. ಒಂದೊಂದು ಪ್ರತಿಗೂ ಹೊಸ ಮೇಣ, ಹೊಸ ಗಾರೆ ಆಗಬೇಕು. ‘ಅಚ್ಚು ಇದ್ಮೇಲೆ ಸಾವಿರ ಮಾಡಬಹುದಲ್ಲ’ ಅನ್ನುವವರಿಗೆ ಇದನ್ನೇ ಹೇಳುತ್ತೇವೆ. ಜೊತೆಗೆ, ಎಂಟೇ ಮಾಡುವುದು ಅಂತ ಅವನು ಮೊದಲೇ ಬರೆದುಕೊಟ್ಟಿದ್ದಾನೆ. ಎಂಟು ಮಾರಾಟಕ್ಕೆ, ಒಂದು ತನಗೆ. ಪ್ರತಿಯೊಂದರ ತಳದಲ್ಲಿ 1/8, 2/8 ಅಂತ ಕೆತ್ತಿರುತ್ತದೆ. ಒಂಬತ್ತೂ ಆದ ಮೇಲೆ ಅಚ್ಚನ್ನು ಕತ್ತರಿಸಿ ಹಾಕುವುದು. ಫ್ರಾನ್ಸಿನಲ್ಲಿ ಎಂಟು ಮಾರಾಟಕ್ಕೆ, ನಾಲ್ಕು ಕಲಾವಿದನಿಗೆ, ಒಟ್ಟು 12ರವರೆಗೆ ಮೂಲಕೃತಿ ಅಂತ ಒಪ್ಪುವ ಪದ್ಧತಿ ಇದೆ. ಇವನು ಅದಕ್ಕಿಂತ ಕಡಿಮೆ ಇಟ್ಟುಕೊಂಡ.

ಎಮ್ಮೆಯ ಬೆಲೆ ಹಾಕಿದ್ದು ಹೀಗೆ. ಅಚ್ಚಿಗೆ 9,000, ಅದನ್ನು ಒಂಬತ್ತು ಪ್ರತಿಗೆ ಹಂಚಿದರೆ ತಲಾ 1,000. ಮೇಣದ ಕೆಲಸ 500. ಎರಕದವರು ಕೆಜಿಗೆ 1,800 ತೆಗೆದುಕೊಂಡರು, 2.4 ಕೆಜಿಗೆ 4,320. ತೀಡುವುದಕ್ಕೆ ಅವನ ಎರಡು ದಿನದ ಕೂಲಿ 3,000. ಬಣ್ಣ ಮತ್ತು ಕಲ್ಲಿನ ತಳ 1,100. ಒಟ್ಟು 9,920. ಬೆಲೆ 28,000.

ಮೂರು ಪಟ್ಟು ಹತ್ತಿರ ಆಯ್ತಲ್ಲ, ಜಾಸ್ತಿ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಅವನು 15,000 ಸಾಕು ಅಂತಿದ್ದ. ನಾನು ಕೂತು ಲೆಕ್ಕ ಹಾಕಿದೆ. ನಾಳೆ ಒಂದು ಗ್ಯಾಲರಿ ಕರೆದರೆ ಮಾರಿದ ಬೆಲೆಯಲ್ಲಿ ಅರ್ಧದವರೆಗೂ ಅವರ ಪಾಲು ಹೋಗುತ್ತದೆ. 15,000ದಲ್ಲಿ ಅರ್ಧ ಹೋದರೆ ಉಳಿಯುವುದು 7,500, ಅಂದರೆ ನಷ್ಟ. 28,000 ಆದರೆ 14,000 ಕೈಗೆ ಬರುತ್ತದೆ. ರಸ್ತೆಯಲ್ಲಿ ಒಂದು ಬೆಲೆ, ಗ್ಯಾಲರಿಯಲ್ಲಿ ಇನ್ನೊಂದು ಬೆಲೆ ಇಟ್ಟರೆ ಯಾವ ಗ್ಯಾಲರಿಯೂ ಹತ್ತಿರ ಸೇರಿಸುವುದಿಲ್ಲ. ಮುಂದೆ ಎಲ್ಲಿ ಮಾರಬೇಕು ಅಂತಿದ್ದೀರೋ ಆ ಬೆಲೆಯನ್ನು ಮೊದಲ ದಿನವೇ ಹಾಕಬೇಕು. ಬೆಲೆ ಏರಿಸುವುದು ಸುಲಭ, ಇಳಿಸುವುದು ಆಗದ ಮಾತು.

ಜನವರಿ 7, 2024

ಎರಡನೇ ವರ್ಷ ಬೆಳಿಗ್ಗೆ ಏಳಕ್ಕೆಲ್ಲ ಪೀಠ ನಿಂತಿದ್ದವು. ಹೊಸ ಬೋರ್ಡು: ‘ಮುಟ್ಟಿ ನೋಡಿ’. ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ಎರಡೂ ಕೈಯಲ್ಲಿ ಎತ್ತಿ’.

ಆ ಬೋರ್ಡು ಮಾಡಿದ ಬದಲಾವಣೆಯನ್ನು ಹೇಗೆ ಹೇಳಲಿ? ಮೊದಲ ವರ್ಷ ಜನ ಕೈಕಟ್ಟಿಕೊಂಡು ನೋಡಿ ಹೋಗುತ್ತಿದ್ದರು. ಈಗ ನಿಂತರು. ಸುಮಾರು 70 ವಯಸ್ಸಿನ ಒಬ್ಬರು ಬಂದು ಎಮ್ಮೆಯ ಬೆನ್ನಿಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿದರು. ಕಿವಿ ಹತ್ತಿರ ತಂದು ಇನ್ನೊಂದು ಸಲ. ‘ಎಷ್ಟು ಎಂಎಂ ದಪ್ಪ? ಐದಾ?’ ಅಂದರು. ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರಂತೆ. ಹೊಟ್ಟೆಯ ಕೆಳಗೆ ಬೆರಳಾಡಿಸಿ, ನಾಳ ಕತ್ತರಿಸಿ ತೀಡಿದ ಜಾಗ ಯಾವುದು ಅಂತ ಹೇಳಿಬಿಟ್ಟರು. ಗೆಳೆಯನ ಮುಖ ಅರಳಿತು. ಇಬ್ಬರೂ ಮೇಣ, ಗಾಳಿಗುಳ್ಳೆ, ಕುಗ್ಗುವ ಲೆಕ್ಕ ಅಂತ 20 ನಿಮಿಷ ಮಾತಾಡಿದರು. ಅವರು ಏನೂ ಕೊಳ್ಳಲಿಲ್ಲ. ಆದರೆ ಆ ಮಾತು ಕೇಳುತ್ತ ಸುತ್ತ 15 ಜನ ನಿಂತಿದ್ದರು. ಅವತ್ತಿನ ಮೊದಲ ಎಮ್ಮೆ ಹೋದದ್ದು ಆ ಗುಂಪಿನಲ್ಲೇ. ಅವರು ಹೋದ ಮೇಲೂ ಯಾರಾದರೂ ಬಂದರೆ ‘ಒಂದ್ಸಲ ಕುಟ್ಟಿ ನೋಡಿ’ ಅಂತ ನಾನೇ ಹೇಳತೊಡಗಿದೆ.

ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಹೆಗಲಲ್ಲಿ ಬಟ್ಟೆಯ ಚೀಲ, ಜೊತೆಗೆ ಹೈಸ್ಕೂಲಿನ ಮಗಳು. ಎಮ್ಮೆಯನ್ನು ಎತ್ತಿಕೊಂಡರು. ತೂಕಕ್ಕೆ ಕೈ ಒಂದು ಸಲ ಇಳಿಯಿತು. ಆಮೇಲೆ ಹಸುಗೂಸನ್ನು ಹಿಡಿದ ಹಾಗೆ ಒಂದು ಕೈ ತಳಕ್ಕೆ ಕೊಟ್ಟರು. ಹೆಬ್ಬೆರಳು ತಾನಾಗೇ ಎಮ್ಮೆಯ ಎರಡು ಕೊಂಬಿನ ನಡುವಿನ ಹಣೆಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಸವರಿದರು. ‘ನಮ್ಮ ಅಮ್ಮನ ಮನೇಲಿ ಇತ್ತು, ಹಿಂಗೇ ಮಲಗ್ತಿತ್ತು’ ಅಂದರು. ತಿರುಗಿಸಿ ಅಡಿ ನೋಡಿದರು. ಮೇಜು ಗೀರದಿರಲಿ ಅಂತ ಅಂಟಿಸಿದ್ದ ಹಸಿರು ಬಟ್ಟೆ, ಪಕ್ಕದಲ್ಲಿ ಕೆತ್ತಿದ 3/8. ಮಗಳಿಗೆ ತೋರಿಸಿದರು. ಆಮೇಲೆ ನಿಧಾನಕ್ಕೆ ವಾಪಸ್ ಇಟ್ಟು ಕೇಳಿದರು: ‘ಎಲ್ಲಿಡೋದು ಇದನ್ನ?’

ಬೆಲೆ ಕೇಳಲಿಲ್ಲ, ಗಮನಿಸಿ. ಮೊದಲು ಜಾಗ.

ಈ ಪ್ರಶ್ನೆಗೆ ನಾವು ಈ ಸಲ ತಯಾರಾಗಿ ಬಂದಿದ್ದೆವು. ಪ್ರತಿ ಶಿಲ್ಪದ ತಳ ಎಷ್ಟಿದೆಯೋ ಅಷ್ಟೇ ಅಳತೆಗೆ ದಪ್ಪ ಕಾಗದ ಕತ್ತರಿಸಿದ್ದೆವು. ಎಮ್ಮೆಯದ್ದು ಅಂಗೈಗಿಂತ ಸ್ವಲ್ಪ ಉದ್ದ. ಅದರ ಮೇಲೆ ಕೃತಿಯ ಫೋಟೊ, ಎತ್ತರ, ತೂಕ, ಬೆಲೆ, ಫೋನ್ ನಂಬರ್. ‘ಇದನ್ನ ಮನೆಗೆ ತಗೊಂಡು ಹೋಗಿ. ಎಲ್ಲಿ ಕೂರುತ್ತೆ ಅಂತ ಇಟ್ಟು ನೋಡಿ. ಕೂತರೆ ಫೋನ್ ಮಾಡಿ’ ಅಂದ ಗೆಳೆಯ. ಜೊತೆಗೆ ಒಂದು ಫೋಟೊ ಆಲ್ಬಮ್ ತೋರಿಸಿದ. ಅದೇ ಎಮ್ಮೆ ಟಿವಿ ಪಕ್ಕ, ಪುಸ್ತಕದ ಕಪಾಟಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಅಡುಗೆಮನೆಯ ಕಿಟಕಿಯಲ್ಲಿ. ಎಲ್ಲವೂ ನಮ್ಮ ನೆಂಟರಿಷ್ಟರ ಎರಡು ಬೆಡ್‌ರೂಮಿನ ಮನೆಗಳೇ. ದೊಡ್ಡ ಬಂಗಲೆಯ ಫೋಟೊ ತೋರಿಸಿದ್ದರೆ ಅವರು ಅಲ್ಲೇ ಹೆದರಿ ಹಿಂದೆ ಸರಿಯುತ್ತಿದ್ದರು.

ಒಂಬತ್ತು ದಿನ ಬಿಟ್ಟು ಫೋನ್ ಬಂತು. ಕಾಗದವನ್ನು ಫ್ರಿಜ್ಜಿನ ಪಕ್ಕದ ಸಣ್ಣ ಶೆಲ್ಫಿನಲ್ಲಿ ಇಟ್ಟಿದ್ದರಂತೆ. ಒಂದು ವಾರ ಅಲ್ಲೇ ಇತ್ತಂತೆ. ‘ಈಗ ಆ ಜಾಗ ಖಾಲಿ ಅನ್ನಿಸ್ತಿದೆ, ತಂದುಕೊಡಿ’ ಅಂದರು. 14,000ದಂತೆ ಎರಡು ಕಂತಿನಲ್ಲಿ ಕೊಟ್ಟರು.

ಅವತ್ತು ಹಂಚಿದ ಕಾಗದ 60. ಫೋನ್ ಬಂದದ್ದು ಒಂಬತ್ತು. ಕೊಂಡವರು ಮೂರು ಜನ, ಎರಡು ಎಮ್ಮೆ ಮತ್ತು 36,000ದ ಒಂದು ಅಜ್ಜಿ, ಒಟ್ಟು 92,000. ಸಂತೆಯ ದಿನವೇ ಮಾರಿದ್ದು ಎರಡು ಎಮ್ಮೆ ಮತ್ತು 3,500ರ ನಾಲ್ಕು ಸುಟ್ಟಮಣ್ಣಿನ ಹಕ್ಕಿ, ಒಟ್ಟು 70,000. ರಸ್ತೆಯಲ್ಲಿ ಆದ ಮಾರಾಟಕ್ಕಿಂತ ಆಮೇಲೆ ಮನೆಯಿಂದ ಬಂದದ್ದೇ ಜಾಸ್ತಿ. ಪೀಠ, ಎರಕ, ಸಾಗಣೆ ಎಲ್ಲ ಕಳೆದು ಉಳಿದದ್ದು ಸುಮಾರು 74,000. ವರ್ಷಕ್ಕೆ ಹಂಚಿದರೆ ತಿಂಗಳಿಗೆ ಆರು ಸಾವಿರ ಚಿಲ್ಲರೆ. ಮೇಷ್ಟರ ಕೆಲಸ ಬಿಡುವಂತಿಲ್ಲ. ಶುರು ಮಾಡುವವರು ಈ ಅಂಕಿಯನ್ನು ಸರಿಯಾಗಿ ನೋಡಿಕೊಳ್ಳಿ.

ಚೌಕಾಸಿಯ ಬಗ್ಗೆ ಒಂದು ಮಾತು. ಸಂಜೆ ಐದರ ಮೇಲೆ ಜನ ಬೆಲೆ ಮುರಿಯಲು ಬರುತ್ತಾರೆ. ಒಬ್ಬರು ಎಮ್ಮೆಗೆ 15,000 ನಗದು ತೆಗೆದು ಮೇಜಿನ ಮೇಲೆ ಇಟ್ಟರು. ಕೈಕಾಲು ದಣಿದ ಹೊತ್ತಿನಲ್ಲಿ ಆ ನೋಟು ನೋಡಿದರೆ ಮನಸ್ಸು ಜಾರುತ್ತದೆ. ಗೆಳೆಯ ನನ್ನ ಮುಖ ನೋಡಿದ. ಬೆಳಿಗ್ಗೆ ಒಬ್ಬರು 28,000 ಕೊಟ್ಟು ಹೋಗಿದ್ದಾರೆ. ಸಂಜೆ 15,000ಕ್ಕೆ ಕೊಟ್ಟರೆ ಬೆಳಿಗ್ಗೆ ನಂಬಿದವರಿಗೆ ಮೋಸ. ‘ಬೆಲೆ ಅಷ್ಟೇ ಸರ್. ಬೆಂಗಳೂರೊಳಗೆ ಮನೆಗೆ ನಾವೇ ತಂದು ಇಟ್ಟು ಕೊಡ್ತೀವಿ, ಕಂತಿನಲ್ಲೂ ಕೊಡಬಹುದು’ ಅಂದೆ. ಅವರು ಹೋದರು. ಇವತ್ತಿಗೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ಕಾಗದಪತ್ರ

ಈ ಭಾಗ ಬೇಗ ಮುಗಿಸುತ್ತೇನೆ. ಮೂಲ ಶಿಲ್ಪಕ್ಕೆ ಜಿಎಸ್‌ಟಿ ಕೋಡ್ 9703. ಮೊದಲು ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5. ಕರ್ನಾಟಕದೊಳಗೆ ಮಾತ್ರ ಮಾರುವವರು, ವರ್ಷಕ್ಕೆ 40 ಲಕ್ಷದೊಳಗಿದ್ದರೆ, ನೋಂದಣಿ ಕಡ್ಡಾಯ ಅಲ್ಲ. ಹೊರ ರಾಜ್ಯಕ್ಕೆ ಮಾರುವ ಮಾತು ಬಂದರೆ ನಿಯಮ ಬೇರೆ, ಮೊದಲು ಆಡಿಟರ್ ಹತ್ತಿರ ಹೋಗಿ. ನೋಂದಣಿ ಇಲ್ಲದಿದ್ದರೂ ಸಾದಾ ಬಿಲ್ ಕೊಡಲೇಬೇಕು. ಜೊತೆಗೆ ಒಂದು ಪ್ರಮಾಣಪತ್ರ: ಹೆಸರು, ವರ್ಷ, ಲೋಹ, ಅಳತೆ, ಪ್ರತಿಯ ಸಂಖ್ಯೆ, ಸಹಿ.

ಜನವರಿಯಲ್ಲಿ ರಜೆಗೆ ಬಂದ ಅನಿವಾಸಿ ಕನ್ನಡಿಗರು ಸಂತೆಗೆ ತುಂಬ ಬರುತ್ತಾರೆ. ಅವರಿಗೆ ಈ ಪತ್ರ ಇನ್ನೂ ಮುಖ್ಯ. 100 ವರ್ಷಕ್ಕಿಂತ ಹಳೆಯ ಶಿಲ್ಪವನ್ನು ಹೊರದೇಶಕ್ಕೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ. ಕಲ್ಲಿನ ಕೆಲಸ ಹಳೆಯದರಂತೆ ಕಂಡರೆ ವಿಮಾನ ನಿಲ್ದಾಣದಲ್ಲಿ ತಡೆಯಬಹುದು. ಅದು ಪುರಾತನ ವಸ್ತು ಅಲ್ಲ ಅಂತ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪತ್ರ ತೆಗೆದುಕೊಳ್ಳುವ ದಾರಿ ಇದೆ.

ಇನ್ನೊಂದು, ಶಿಲ್ಪ ಮಾರಿದರೂ ಅದರ ಹಕ್ಕುಸ್ವಾಮ್ಯ ಬರಹದಲ್ಲಿ ಕೊಡದ ಹೊರತು ಶಿಲ್ಪಿಯದೇ. ಒಬ್ಬರು ಅಜ್ಜಿಯನ್ನು ಫೋಟೊ ತೆಗೆದು ಫೈಬರಿನಲ್ಲಿ ಹತ್ತು ಮಾಡಿಸುತ್ತೇನೆ ಅಂದಾಗ ಇದನ್ನು ಹೇಳಬೇಕಾಯಿತು. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಮಾಡಿದ್ದ ಕಂಚಿನ ದೊಡ್ಡ ಕೆಲಸವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಮಾರಿದ ಮೇಲೂ ಕೃತಿಯ ಮಾನ ಕಾಪಾಡುವ ಹಕ್ಕು ಮಾಡಿದವನಿಗೆ ಉಳಿಯುತ್ತದೆ ಅನ್ನುವುದು ನಮ್ಮ ದೇಶದಲ್ಲಿ ಗಟ್ಟಿಯಾದದ್ದು ಆ ಮೊಕದ್ದಮೆಯಿಂದ. ನಮ್ಮ ಬಿಲ್ಲಿನ ಹಿಂದೆ ಇದರ ಬಗ್ಗೆ ಎರಡು ಸಾಲು ಅಚ್ಚು ಹಾಕಿಸಿದ್ದೇವೆ.

ದೆಹಲಿ, ಮತ್ತೆ ಅದೇ ರಸ್ತೆ

2024ರ ಫೆಬ್ರುವರಿಯಲ್ಲಿ ಗೆಳೆಯ ದೆಹಲಿಗೆ ಹೋಗಿ ಇಂಡಿಯಾ ಆರ್ಟ್ ಫೇರ್ ನೋಡಿ ಬಂದ. 2008ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು, ಈಗ ಓಖ್ಲಾದ ಎನ್‌ಎಸ್‌ಐಸಿ ಮೈದಾನದಲ್ಲಿ ನಡೆಯುತ್ತದೆ. ಅಲ್ಲಿ ಮಳಿಗೆ ಹಿಡಿಯುವುದು ಹೆಚ್ಚಾಗಿ ಗ್ಯಾಲರಿಗಳು. ಕಲಾವಿದ ಒಬ್ಬನೇ ಹೋಗಿ ಪೀಠ ನಿಲ್ಲಿಸುವ ಜಾಗ ಅಲ್ಲ. ಆರ್ಟ್ ಫೇರ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ವ್ಯವಹಾರ ನಡೆಯುತ್ತವೆ. ಹೊಸಬರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಅಲ್ಲಿಂದ ಅವನು ತಂದದ್ದು ಒಂದೇ ಪಾಠ. ‘ಒಂದೊಂದರ ಸುತ್ತ ಎಷ್ಟು ಜಾಗ ಬಿಟ್ಟಿರ್ತಾರೆ ಗೊತ್ತಾ’ ಅಂದ. 2025ರ ಜನವರಿ 5ಕ್ಕೆ ನಾವು, ಹಕ್ಕಿಗಳನ್ನು ಲೆಕ್ಕಕ್ಕೆ ಹಿಡಿಯದೆ, ಹಿಂದಿನ ವರ್ಷದ 11ರ ಬದಲು ಏಳು ಕೃತಿ ಇಟ್ಟೆವು.

ಸುಟ್ಟಮಣ್ಣಿನ ಹಕ್ಕಿ ನಿಲ್ಲಿಸಿಬಿಡೋಣ ಅಂತ ಅವನ ಹಟ. 3,500ರದ್ದು ಪಕ್ಕದಲ್ಲಿದ್ದರೆ 28,000ದ್ದು ಯಾರು ಕೊಳ್ಳುತ್ತಾರೆ ಅನ್ನುವುದು ಅವನ ವಾದ. ನಾನು ಬಿಡಲಿಲ್ಲ. ಒಂದು ಮೂಲೆಯಲ್ಲಿ ಆರು ಹಕ್ಕಿ ಇಟ್ಟೆವು. ಬೆಳಿಗ್ಗೆ ಹತ್ತಕ್ಕೆ ಒಬ್ಬ ಹುಡುಗ ಬಂದ. ಹಿಂದಿನ ವರ್ಷ ಹಕ್ಕಿ ಒಯ್ದವನು. ‘ಅದು ನನ್ನ ಲ್ಯಾಪ್‌ಟಾಪ್ ಪಕ್ಕ ಇದೆ. ಈ ಸಲ ಕೆಲಸ ಸಿಕ್ಕಿದೆ, ಅಜ್ಜಿ ಬೇಕು’ ಅಂದ. ಗೆಳೆಯ ಆಮೇಲೆ ಆ ಮಾತು ಎತ್ತಲಿಲ್ಲ. ಅವತ್ತಿನ ಲೆಕ್ಕ: ಎರಡು ಎಮ್ಮೆ, ಒಂದು ಅಜ್ಜಿ, ಆರು ಹಕ್ಕಿ. 1,13,000. ಹೊಸದಾಗಿ ಮಾಡಿದ್ದ ಒಂದು ಫೈಬರಿನ ಕೆಲಸವನ್ನು ಯಾರೂ ತಿರುಗಿಯೂ ನೋಡಲಿಲ್ಲ. ಎತ್ತಿದರೆ ತೂಕವೇ ಇರುವುದಿಲ್ಲ, ಹಾಗಾಗಿ ಮುಟ್ಟಿದ ಕೈ ತಕ್ಷಣ ಬಿಟ್ಟುಬಿಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ಆ ವರ್ಷ ಕೃಷ್ಣಶಿಲೆಯ ಬಗ್ಗೆ ಕೇಳುವವರು ಹೆಚ್ಚಾಗಿದ್ದರು. ಹಿಂದಿನ ವರ್ಷ, ಜನವರಿ 22ರಂದು, ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಬಾಲರಾಮ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾಗಿತ್ತು. ಮೈಸೂರು ಸೀಮೆಯ ಕಲ್ಲಿನ ಹೆಸರು ಮನೆಮನೆಗೆ ಗೊತ್ತಾಗಿತ್ತು. ‘ಅದೇ ಕಲ್ಲಾ ಇದು?’ ಅಂತ ‘ಉಸಿರು’ ಮುಂದೆ ನಿಲ್ಲುತ್ತಿದ್ದರು. ಅದೇ ಜಾತಿಯ ಕಲ್ಲು ಅಂತ ಹೇಳಿ, ಒಂದು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಳದ ಮೂಲೆಯಲ್ಲಿ ಉಜ್ಜಿ ತೋರಿಸುತ್ತಿದ್ದ ಗೆಳೆಯ. ಬೂದಿ ಬಣ್ಣದ ಕಲ್ಲು ಅಲ್ಲಿ ಮಾತ್ರ ಕಪ್ಪಗೆ ಮಿಂಚುತ್ತಿತ್ತು.

ಆ ಮೂಲೆಯನ್ನು ತುಂಬ ಹೊತ್ತು ನೋಡಿದ್ದು ಒಬ್ಬ ದಂಪತಿ. ಮನೆ ಕಟ್ಟಿಸುತ್ತಿದ್ದರು. ಮೆಟ್ಟಿಲ ತಿರುವಿನಲ್ಲಿ ಒಂದು ಕಟ್ಟೆ ಇದೆ, ಅಲ್ಲಿ ಏನಿಡಬೇಕು ಅಂತ ಗೊತ್ತಾಗುತ್ತಿಲ್ಲ ಅಂದರು. ಅಷ್ಟು ದೊಡ್ಡದಕ್ಕೆ ನಮ್ಮ ಹತ್ತಿರ ಕಾಗದ ಇರಲಿಲ್ಲ. ಅಲ್ಲೇ ರಟ್ಟು ಕತ್ತರಿಸಿ ಕೊಟ್ಟೆವು. ಮಾರ್ಚಿನಲ್ಲಿ ಕರೆದರು. 1,40,000 ರೂಪಾಯಿ, ಮೂರು ಕಂತು. ನಾಲ್ಕು ಜನ ಸೇರಿ ಗೋಣಿಚೀಲದಲ್ಲಿ ಸುತ್ತಿದ ಅದೇ ಕಲ್ಲನ್ನು ಎಂಟು ಮೆಟ್ಟಿಲು ಹತ್ತಿಸಿದೆವು. ಅಲುಗದ ಹಾಗೆ ತಳಕ್ಕೆ ಸ್ಟೀಲಿನ ಮೊಳೆ ಕೊಟ್ಟು ಕೂರಿಸಿದ.

ಆ ಮನೆಯ ಅಜ್ಜಿ ಕೆಳಗಿನಿಂದ ನೋಡುತ್ತಿದ್ದರು. ಕೇಳಿಯೇಬಿಟ್ಟರು: ‘ಕೈ ಯಾಕಿಲ್ಲ ಇದಕ್ಕೆ?’ ಗೆಳೆಯ ಮಾತಾಡಲಿಲ್ಲ. ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಅವರ ಅಂಗೈಯನ್ನು ಕಲ್ಲಿನ ಪಕ್ಕೆಲುಬಿನ ಮೇಲೆ ಇಟ್ಟ. ಅವರು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಏನೂ ಹೇಳಲಿಲ್ಲ.

ಎಂಟು ತಿಂಗಳ ಮೇಲೆ ಮೇಣ ಉಜ್ಜಿ ಬರಲು ಅಲ್ಲಿಗೆ ಹೋಗಿದ್ದೆವು. ಕಲ್ಲು ಇನ್ನೂ ಬೂದಿ ಬಣ್ಣದಲ್ಲೇ ಇತ್ತು. ಎಡ ಹೆಗಲು ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ಅಜ್ಜಿ ದಿನಾ ಮೇಲೆ ಹತ್ತುವಾಗ ತಿರುವಿನಲ್ಲಿ ಅದರ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತು ಸುಧಾರಿಸಿಕೊಳ್ಳುತ್ತಾರಂತೆ. ಗೆಳೆಯ ಹೆಗಲಿಗೆ ಮೇಣ ಹಚ್ಚಲಿಲ್ಲ. ಉಳಿದ ಕಡೆ ಉಜ್ಜಿ ಡಬ್ಬಿ ಮುಚ್ಚಿದ.